ದೀಪದ ಎಣ್ಣೆ

ಎಲ್ಲಿಯೋ ಯುದ್ಧವಾಯಿತು, ಭೂಕಂಪವಾಯಿತು ಎಂದೊಡನೆ ನಮ್ಮ ಕ್ರೈಸ್ತ ಮನೆಗಳಲ್ಲಿ ‘ಕಡೇ ದಿನ ಬಂದಿತೇ?’ ಎಂಬ ಮಾತು ಏಳುವುದುಂಟು.

ದಿನವನ್ನು ಎಣಿಸಿ ನೋಡಿದವರು ಹಿಂದೆಯೂ ಇದ್ದರು. ಅಮೆರಿಕದ ವಿಲಿಯಂ ಮಿಲ್ಲರನ ಅನುಯಾಯಿಗಳು 1844ರ ಅಕ್ಟೋಬರ್ 22ರಂದು ಕ್ರಿಸ್ತನು ಬರುವನೆಂದು ನಂಬಿ ಕಾದರು. ಕೆಲವರು ಹೊಲದ ಬೆಳೆಯನ್ನೂ ಕೊಯ್ಯದೆ ಬಿಟ್ಟಿದ್ದರು. ಮರುದಿನ ಎಂದಿನಂತೆ ಬೆಳಗಾಯಿತು. ಆ ದಿನವನ್ನು ತಂದೆಯ ಹೊರತು ಯಾರೂ ಅರಿಯರೆಂದು ಸುವಾರ್ತೆಯೇ ಹೇಳಿದೆಯಲ್ಲ!

ಹಾಗಾದರೆ ಎಚ್ಚರವೆಂದರೇನು? ಮತ್ತಾಯನ 25ನೆಯ ಅಧ್ಯಾಯದಲ್ಲಿ, ಮದಲಿಂಗನನ್ನು ಎದುರುಗೊಳ್ಳಲು ದೀಪ ಹಿಡಿದು ಹೊರಟ ಹತ್ತು ಕನ್ಯೆಯರ ಕಥೆಯಿದೆ. ಅವನು ತಡಮಾಡಲು ಹತ್ತು ಮಂದಿಯೂ ನಿದ್ದೆಹೋದರು; ಜಾಣೆಯರೂ ಮಲಗಿದರು. ಭೇದವಿದ್ದುದು ಎಣ್ಣೆಯಲ್ಲಿ. ನಡುರಾತ್ರಿ ಅದು ಕಡ ಸಿಗಲಿಲ್ಲ. ಆ ಎಣ್ಣೆ ಯಾವುದೆಂಬ ಸುಳಿವು ಅದೇ ಅಧ್ಯಾಯದ ಕೊನೆಯಲ್ಲಿದೆಯೆಂದು ನಮಗೆ ತೋರುತ್ತದೆ: ಹಸಿದವನಿಗೆ ಊಟ, ಬಾಯಾರಿದವನಿಗೆ ನೀರು, ರೋಗಿಗೆ ಆರೈಕೆ.

ಊರು ಬಿಟ್ಟು ಮುಂಬಯಿಗೆ ಬಂದ ನಮಗೆ ಇದು ದೂರದ ಮಾತಲ್ಲ. ನೆರೆಮನೆಯ ಒಂಟಿ ಮುದುಕಿಯನ್ನು ವಿಚಾರಿಸುವುದು, ಕೈಸಾಲ ತೀರಿಸುವುದು, ಊರಿನಲ್ಲಿ ಮುನಿಸಿಕೊಂಡಿರುವ ಅಣ್ಣನಿಗೆ ಎರಡು ಸಾಲು ಬರೆಯುವುದು, ಇವೇ ನಮ್ಮ ಎಣ್ಣೆ. ಕರ್ತನು ಇಂದು ಬರಲಿ, ಮೊಮ್ಮಕ್ಕಳ ಕಾಲಕ್ಕೆ ಬರಲಿ. ಅಣ್ಣನಿಗೆ ಬರೆಯುವ ಕಾಗದ ನಾಳೆಗೆ ಉಳಿಯಬಾರದು.