ದೇವರಿಲ್ಲದ ಮನೆಯ ಹದಿಮೂರು ದಿನ

ದೇವರನ್ನು ಬಿಡುವುದು ಸುಲಭ, ಹಬ್ಬ ಬಿಡುವುದು ಕಷ್ಟ. ನಂಬಿಕೆ ಉದುರಿ ಎಷ್ಟೋ ವರ್ಷವಾದವರಿಗೂ ಯುಗಾದಿಯ ಬೆಳಿಗ್ಗೆ ಬೇವುಬೆಲ್ಲ ಬೇಕೆನಿಸುತ್ತದೆ. ತಿನ್ನಲಿ ಬಿಡಿ, ಬೇವಿನ ಹೂವಿಗೆ ಯಾರ ನಂಬಿಕೆಯ ಹಂಗೂ ಇಲ್ಲ.

ದೇವರನ್ನು ಬಿಟ್ಟವರು ನಮ್ಮಲ್ಲಿ ಹೊಸಬರಲ್ಲ. ಲೇಖಕ ಎ.ಎನ್. ಮೂರ್ತಿರಾಯರ 'ದೇವರು' ಪುಸ್ತಕ ಹೊರಬಂದದ್ದು 1991ರಲ್ಲಿ. ಪುಣ್ಯದ ಲೆಕ್ಕ ನೋಡಿಕೊಳ್ಳುವ ವಯಸ್ಸಿನಲ್ಲಿ ಅವರು ದೇವರಿಲ್ಲ ಎಂಬುದನ್ನು ಸಮಾಧಾನವಾಗಿ, ಯಾರನ್ನೂ ಹಳಿಯದೆ ಹೇಳಿದರು. ಆಮೇಲೂ ನೂರ ಮೂರರವರೆಗೆ ತುಂಬು ಬಾಳು ಬಾಳಿದರು. ಎಚ್. ನರಸಿಂಹಯ್ಯನವರನ್ನೇ ನೋಡಿ. ಮದುವೆಯಾಗದೆ ಹಾಸ್ಟೆಲಿನ ಕೋಣೆಯಲ್ಲಿ ಬದುಕಿದ ಆ ಖಾದಿಯ ಮೇಷ್ಟ್ರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ಪ್ರಶ್ನೆ ಕೇಳುವವರಿಗೂ ಸೇರಿ ಕೂರಲು ಒಂದು ಜಾಗ ಬೇಕು ಎಂಬುದು ಅವರಿಗೆ ಗೊತ್ತಿತ್ತು.

ಮದುವೆಗೂ ದಾರಿ ಸಿಕ್ಕಿದೆ. ಕುವೆಂಪು ದೇವರನ್ನು ಬಿಟ್ಟವರಲ್ಲ, ಪುರೋಹಿತರನ್ನು ಬಿಟ್ಟವರು. 1966ರಲ್ಲಿ ಮಗ ತೇಜಸ್ವಿಯವರ ಮದುವೆಗೆಂದು ಅವರು ರೂಪಿಸಿದ ಮಂತ್ರಮಾಂಗಲ್ಯದಲ್ಲಿ ವರದಕ್ಷಿಣೆಯಿಲ್ಲ, ಆಡಂಬರವಿಲ್ಲ. ಇವತ್ತಿಗೂ ಎಷ್ಟೋ ಜೋಡಿಗಳು ಹಾಗೇ ಮದುವೆಯಾಗುತ್ತಾರೆ.

ಸಾವಿಗೆ ಮಾತ್ರ ಅಂಥ ಸಿದ್ಧ ದಾರಿಯಿಲ್ಲ. ಪರಿಚಯದ ಹಿರಿಯರೊಬ್ಬರು ದೇಹದಾನ ಬರೆದಿಟ್ಟಿದ್ದರು. ಅವರು ತೀರಿಕೊಂಡ ದಿನ ಮಧ್ಯಾಹ್ನ ಮೆಡಿಕಲ್ ಕಾಲೇಜಿನ ಗಾಡಿ ಬಂತು, ಹೋಯಿತು. ಮರುದಿನ ಆ ಮನೆಯಲ್ಲಿ ಮಾಡುವುದಕ್ಕೆ ಏನೂ ಇರಲಿಲ್ಲ. ಪಕ್ಕದ ಮನೆಯ ಸಾವಿನಲ್ಲಾದರೆ ಅಸ್ಥಿ ತರಬೇಕು, ದರ್ಭೆ ಹುಡುಕಬೇಕು, ಪಿಂಡಕ್ಕೆ ಕಾಗೆ ಬರಲಿಲ್ಲವೆಂದು ಎಲ್ಲರೂ ಮಾಡು ನೋಡಬೇಕು, ವೈಕುಂಠ ಸಮಾರಾಧನೆಗೆ ಎಷ್ಟು ಎಲೆ ಎಂದು ಲೆಕ್ಕ ಹಾಕಬೇಕು. ದುಃಖಕ್ಕೆ ಕೈತುಂಬ ಕೆಲಸ, ಮನೆತುಂಬ ಜನ. ಶಾಸ್ತ್ರ ಬಿಟ್ಟವರು ಕಳೆದುಕೊಳ್ಳುವುದು ಸ್ವರ್ಗವನ್ನಲ್ಲ, ಈ ಹದಿಮೂರು ದಿನಗಳನ್ನು.

ಆ ಮನೆಯ ಮಗಳು ಜಾಣೆ. "ದಿನಾ ಸಂಜೆ ಬಾಗಿಲು ತೆಗೆದಿರುತ್ತೆ, ಬನ್ನಿ. ಅಪ್ಪನ ವಿಷಯ ಏನಾದರೂ ಹೇಳಿ" ಎಂದು ಎಲ್ಲರಿಗೂ ಫೋನ್ ಮಾಡಿದಳು. ಜನ ಬಂದರು. ಆ ಹಿರಿಯರು ಯಾರ ಮಗನ ಫೀಸು ಕಟ್ಟಿದ್ದರು, ಯಾರೊಡನೆ ವರ್ಷಗಟ್ಟಲೆ ಮಾತು ಬಿಟ್ಟಿದ್ದರು, ಎಲ್ಲ ಹೊರಬಂತು. ಅತ್ತರು, ನಕ್ಕರು, ಅವಲಕ್ಕಿ ತಿಂದರು.

ದೇವರಿಲ್ಲದ ಬದುಕಿಗೂ ಆಚರಣೆ ಬೇಕು, ಅದನ್ನು ನಾವೇ ಕಟ್ಟಿಕೊಳ್ಳಬೇಕು ಎಂಬುದೇ ನನ್ನ ಮಾತು. ಒಬ್ಬರಿಂದ ಆಗುವ ಕೆಲಸವಲ್ಲ ಅದು. ನಿಮ್ಮ ಬೀದಿಯಲ್ಲಿ ಅಂಥ ಮನೆಯೊಂದಿದ್ದರೆ, ಸಾವಾದ ದಿನ "ಕಾರ್ಯ ಯಾವತ್ತು?" ಎಂದು ಕೇಳಬೇಡಿ. ಅನ್ನ, ಸಾರು ಮಾಡಿಕೊಂಡು ಹೋಗಿ, ಒಂದಿಷ್ಟು ಹೊತ್ತು ಕೂತು ಬನ್ನಿ.