ಪುಸ್ತಕಕ್ಕೊಂದು ಸೂರು

ಧಾರವಾಡದಲ್ಲಿ ಗ್ರಂಥಾಲಯಕ್ಕೆ ಮೊದಲು ಸಿಕ್ಕಿದ್ದು ಕಟ್ಟಡವಲ್ಲ, ಸಂಘ. 1890ರ ಜುಲೈ 20ರಂದು ರಾ. ಹ. ದೇಶಪಾಂಡೆಯವರ ಮುಂದಾಳತ್ವದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದಾಗ, ಮರಾಠಿಯ ಪ್ರಾಬಲ್ಯವಿದ್ದ ಮುಂಬಯಿ ಪ್ರಾಂತದ ಈ ಭಾಗದಲ್ಲಿ ಕನ್ನಡ ಪುಸ್ತಕಗಳನ್ನು ಬರೆಯಿಸಿ ಅಚ್ಚು ಹಾಕಿಸುವುದೇ ದೊಡ್ಡ ಕೆಲಸವಾಗಿತ್ತು. ಪುಸ್ತಕಕ್ಕೇ ಬರವಿದ್ದಾಗ ಕಪಾಟಿನ ಚಿಂತೆ ಆಮೇಲಿನದು.

ಇತ್ತ ಊರಿನಲ್ಲಿ ಓದಿಗೆ ಹೇಳಿ ಮಾಡಿಸಿದಂತಿದ್ದ ಕಟ್ಟಡವೊಂದು ಓದಿಗಾಗಿ ಕಟ್ಟಿದ್ದೇ ಆಗಿರಲಿಲ್ಲ. 1882ರಲ್ಲಿ ಸ್ಥಾಪನೆಯಾದ ಸದರ್ನ್ ಮರಾಠಾ ರೈಲ್ವೆ ಕಂಪನಿ ತನ್ನ ಮುಖ್ಯ ಕಚೇರಿಯನ್ನು ಧಾರವಾಡದಲ್ಲಿಟ್ಟಿತು. 1908ರಲ್ಲಿ ಅದು ಮದ್ರಾಸ್ ರೈಲ್ವೆಯೊಡನೆ ವಿಲೀನಗೊಂಡು ಆಡಳಿತ ಮದ್ರಾಸಿಗೆ ಹೋದ ಮೇಲೆ, 1917ರಲ್ಲಿ ಆರಂಭವಾದ ಕರ್ನಾಟಕ ಕಾಲೇಜು ಮುಂದೆ ಆ ಗಾಥಿಕ್ ಶೈಲಿಯ ಕಟ್ಟಡದಲ್ಲಿ ನೆಲೆ ಕಂಡುಕೊಂಡಿತು. ಗಾಥಿಕ್ ಶೈಲಿಯ ಗುರುತೆಂದರೆ ತುದಿ ಚೂಪಾದ ಕಮಾನು. ಅದು ಮೇಲಿನ ಭಾರವನ್ನು ಹೆಚ್ಚಾಗಿ ನೇರ ಕೆಳಗಿಳಿಸುವುದರಿಂದ ಗೋಡೆಯಲ್ಲಿ ಎತ್ತರದ ಕಿಟಕಿಗಳನ್ನು ತೆರೆಯಲು ಬರುತ್ತದೆ. ಗುಮಾಸ್ತರ ಲೆಕ್ಕದ ಪುಸ್ತಕಗಳ ಮೇಲೆ ಬೀಳುತ್ತಿದ್ದ ಬೆಳಕು ಹೀಗೆ ವಿದ್ಯಾರ್ಥಿಗಳ ಪಾಲಾಯಿತು. ಸರಕಾರಿ ಯೋಜನೆಗಳು ಇಷ್ಟು ಚೆನ್ನಾಗಿ ಕೈಗೂಡುವುದು ಅಪರೂಪ.

ಬೆಳಕಿನಷ್ಟೇ ಮುಖ್ಯವಾದದ್ದು ಗಾಳಿ. ಮಲೆನಾಡಿನ ಅಂಚಿನಲ್ಲಿರುವ ಈ ಊರಿಗೆ ಶ್ರಾವಣದ ಜಿಟಿಜಿಟಿ ಮಳೆ ಹಿಡಿಯಿತೆಂದರೆ ರಟ್ಟು ಮೆತ್ತಗಾಗುತ್ತದೆ, ಅಂಟು ಬಿಡುತ್ತದೆ, ಬೂಷ್ಟು ಏಳುತ್ತದೆ. ಆದ್ದರಿಂದಲೇ ಕಪಾಟುಗಳನ್ನು ಗೋಡೆಗೆ ತಾಗಿಸದೆ, ಕಿಟಕಿಗೆ ಅಡ್ಡವಾಗಿಸದೆ, ಸಾಲುಗಳ ನಡುವೆ ಗಾಳಿ ಬೆಳಕು ಹರಿದಾಡುವಂತೆ ಇಡುವುದು ಗ್ರಂಥಪಾಲಕರ ಹಳೆಯ ಜಾಣತನ. ಈ ಸಾಲುಗಳ ಲೇಖಕನ ಓದು ಬೆಳೆದದ್ದೂ ಅಂಥದೊಂದು ವಾಚನಾಲಯದಲ್ಲೇ. ಅಲ್ಲಿ ಒಂದೇ ದಿನಪತ್ರಿಕೆಯ ಹಾಳೆಗಳು ನಾಲ್ವರ ಕೈಯಲ್ಲಿ ಹಂಚಿಹೋಗಿರುತ್ತಿದ್ದವು, ಕ್ರೀಡಾಪುಟ ಹಿಡಿದವರು ಅದನ್ನು ಸುಲಭಕ್ಕೆ ಬಿಡುತ್ತಿರಲಿಲ್ಲ. ಪುಸ್ತಕದ ಕೊನೆಯಲ್ಲಿ ಅಂಟಿಸಿದ ಚೀಟಿಯ ಮೇಲೆ ಹಿಂದಿರುಗಿಸಬೇಕಾದ ದಿನಾಂಕಗಳ ನೀಲಿ ಮುದ್ರೆಗಳು ಒಂದರ ಕೆಳಗೊಂದು ಬಿದ್ದಿರುತ್ತಿದ್ದವು. ಯಾವ ಕಾದಂಬರಿ ಕೈಯಿಂದ ಕೈಗೆ ಓಡಿದೆ, ಯಾವ ಮೀಮಾಂಸೆ ಕದಲದೆ ಕೂತಿದೆ ಎಂಬುದನ್ನು ಆ ಚೀಟಿ ಯಾವ ವಿಮರ್ಶಕನಿಗಿಂತಲೂ ನಿಷ್ಠುರವಾಗಿ ಹೇಳುತ್ತಿತ್ತು.

ಗ್ರಂಥಾಲಯ ಸರಕಾರದ ಹೊಣೆಯೆಂಬ ಭಾವನೆ ಬಲಿತದ್ದು ತಡವಾಗಿ. 1939ರಲ್ಲಿ ಮುಂಬಯಿ ಸರಕಾರ ನೇಮಿಸಿದ ಫೈಜಿ ಸಮಿತಿ ಕರ್ನಾಟಕ ಭಾಗಕ್ಕೂ ಒಂದು ಪ್ರಾದೇಶಿಕ ಗ್ರಂಥಾಲಯ ಬೇಕೆಂದಿತು. ಕರ್ನಾಟಕ ವಿಶ್ವವಿದ್ಯಾಲಯ ತನ್ನ ಗ್ರಂಥಾಲಯಕ್ಕೆ, ಕೆ.ಎಲ್.ಇ. ಸಂಸ್ಥೆಯ ಸ್ಥಾಪಕರಲ್ಲೊಬ್ಬರೂ ವಚನಗಳ ವಿದ್ವಾಂಸರೂ ಆಗಿದ್ದ ಪ್ರೊ. ಶಿ. ಶಿ. ಬಸವನಾಳರ ಹೆಸರಿಟ್ಟಿತು. ಸಾರ್ವಜನಿಕ ಓದಿಗೆ ಹಣದ ದಾರಿ ತೆರೆದದ್ದು 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ. ಆಸ್ತಿ ತೆರಿಗೆಯ ಜೊತೆಗೆ ವಸೂಲಾಗುವ ಗ್ರಂಥಾಲಯ ಕರ ಈಗ ರೂಪಾಯಿಗೆ 6 ಪೈಸೆ. ಹುಬ್ಬಳ್ಳಿಯ ದುರ್ಗದಬೈಲಿನ ಅಂಗಡಿಕಾರರೂ ಧಾರವಾಡದ ಮಾಳಮಡ್ಡಿಯ ಮನೆಯವರೂ, ವಾಚನಾಲಯದ ಮೆಟ್ಟಿಲು ಹತ್ತಲಿ ಬಿಡಲಿ, ಅದನ್ನು ಕಟ್ಟಲೇಬೇಕು.