ಅಪ್ಪನ ರೋಡ್‌ಕಿಂಗ್: ಮನೆಯಲ್ಲಿ ಬಿಚ್ಚೋದೋ, ಮಿಸ್ತ್ರಿಗೆ ಕೊಡೋದೋ?

ನಮ್ಮ ಮನೆಯ ಯೆಜ್ಡಿ ರೋಡ್‌ಕಿಂಗ್ ಕಳೆದ ಮಳೆಗಾಲದಲ್ಲಿ ಬಿಳಿ ಹೊಗೆ ಬಿಡಲು ಶುರು ಮಾಡಿತು. ಟೂ ಸ್ಟ್ರೋಕ್ ಗಾಡಿ ಹೊಗೆ ಬಿಡೋದು ಹೊಸ ಮಾತೇನಲ್ಲ. ಆದರೆ ಇದು ಕಿಕ್ ಹೊಡೆದರೆ ಎದುರು ಮನೆಯವರು ಒಣಗಲು ಹಾಕಿದ ಬಟ್ಟೆ ಒಳಗೆ ಒಯ್ಯುವಂಥ ಹೊಗೆ. ಅದೂ ಆರ್‌ಸಿ ಅವಧಿ ಮುಗಿಯಲು ಎರಡೇ ತಿಂಗಳು ಇರುವಾಗ. 15 ವರ್ಷ ದಾಟಿದ ಸ್ವಂತ ಗಾಡಿಗೆ 5 ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. ಹೊಗೆ ತಪಾಸಣೆಯ ಚೀಟಿ ಬೇಕು, ಗಾಡಿಯನ್ನು ಬೀದರಿನ ಆರ್‌ಟಿಒ ಕಚೇರಿಗೆ ಒಯ್ದು ತೋರಿಸಬೇಕು. ಈ ಹೊಗೆಯ ಸಮೇತ ಹೋದರೆ ಏನಾಗುತ್ತದೆ ಅಂತ ಹೇಳಬೇಕಿಲ್ಲ.

ಅಣ್ಣ ಒಂದೇ ಮಾತಿನಲ್ಲಿ ಮುಗಿಸಿದ: "ಮಾರಿಬಿಡ್ರಿ. ಹಳೇ ಗಾಡಿ ಹುಡುಕ್ಕೊಂಡು ಬರೋರು ಭಾಳ ಮಂದಿ ಅದಾರ." ಅಪ್ಪ ಏನೂ ಹೇಳದೆ ಹೊಲಕ್ಕೆ ನಡೆದುಕೊಂಡು ಹೋದ. ಹಾಗೆ ನಡೆದು ಹೋದದ್ದೇ ಉತ್ತರ ಅಂತ ಅವ್ವನಿಗೂ ನನಗೂ ಗೊತ್ತಾಯಿತು.

ಕಾರು ಕಂಡರೆ ಮಕ್ಕಳು ಹಿಂದೆ ಓಡುತ್ತಿದ್ದ ಕಾಲದಲ್ಲಿ ಈ ಕಡೆಯ ಹಳ್ಳಿಗಳಿಗೆ ಸ್ಪೋರ್ಟ್ಸ್ ಕಾರು ಅಂದರೆ ಇದೇ. 250 ಸಿಸಿ ಎಂಜಿನ್, ಎರಡು ಸೈಲೆನ್ಸರ್, ಕಿಕ್ಕಿಗೂ ಗೇರಿಗೂ ಒಂದೇ ಸರಳು. ಮಾಡಿದವರು ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯವರು. 1961ರಲ್ಲಿ ಚೆಕೊಸ್ಲೊವಾಕಿಯಾದ ಜಾವಾ ಹೆಸರಿನಲ್ಲಿ ಆರಂಭಿಸಿ, 1973ರಿಂದ ಯೆಜ್ಡಿ ಅಂತ ಹೆಸರಿಟ್ಟು, 1978ರಲ್ಲಿ ರೋಡ್‌ಕಿಂಗ್ ಹೊರಗೆ ಬಿಟ್ಟರು. ಕಾರ್ಖಾನೆ 1996ರಲ್ಲಿ ಮುಚ್ಚಿತು. 2022ರಲ್ಲಿ ಯೆಜ್ಡಿ ಹೆಸರು ಮತ್ತೆ ಬಂದಿದೆ, ಆದರೆ ಅದು ಫೋರ್ ಸ್ಟ್ರೋಕ್, ಬೇರೆಯೇ ಎಂಜಿನ್. ಅದರ ಸಾಮಾನು ಇದಕ್ಕೆ ಬರೋದಿಲ್ಲ. ನಮ್ಮದು 1987ರ ಗಾಡಿ.

ಮನ್ನಾಏಖೇಳ್ಳಿಯಲ್ಲಿ ಮಿಸ್ತ್ರಿಗಳಿಗೆ ಬರವಿಲ್ಲ. ಹೈದರಾಬಾದ್–ಪುಣೆ ಹೆದ್ದಾರಿ ಊರಲ್ಲೇ ಹಾಯ್ದಿದೆ. ಲಾರಿ ಟಯರಿನವರು, ಟ್ರ್ಯಾಕ್ಟರ್ ಹೈಡ್ರಾಲಿಕ್‌ನವರು, ಹೀರೋ, ಹೋಂಡಾ ನೋಡುವ ಹುಡುಗರು ಎಲ್ಲ ಇದ್ದಾರೆ. ಈ ಹುಡುಗರು ಕೆಲಸದಲ್ಲಿ ಚುರುಕು. ಬಿಎಸ್6 ಗಾಡಿಗೆ ಸ್ಕ್ಯಾನರ್ ಚುಚ್ಚಿ ಎರಡು ನಿಮಿಷದಲ್ಲಿ ಕಾಯಿಲೆ ಹೇಳುತ್ತಾರೆ. ಆದರೆ ಯೆಜ್ಡಿಗೆ ಸ್ಕ್ಯಾನರ್ ಚುಚ್ಚಲು ತೂತೇ ಇಲ್ಲ. ಒಬ್ಬ ಹುಡುಗ ನಮ್ಮ ಗಾಡಿ ಸುತ್ತ ಒಂದು ಸುತ್ತು ಹಾಕಿ, "ಅಣ್ಣಾ, ಇದು ನಮ್ಮ ಅಪ್ಪನ ಕಾಲದ್ದು" ಅಂದ. ಅವನು ಪ್ರಾಮಾಣಿಕ. ಗೊತ್ತಿಲ್ಲದೆ ಕೈ ಹಾಕುವವರಿಗಿಂತ ಸಾವಿರ ಪಾಲು ಮೇಲು.

ಯೆಜ್ಡಿ ಬಲ್ಲವರು ಅಂದರೆ ಒಬ್ಬರೇ, ಎಲ್ಲರೂ ಚಾಚಾ ಅನ್ನುವ ಹಿರಿಯ ಮಿಸ್ತ್ರಿ. ಅವರ ಕಣ್ಣು ಮಂದವಾಗಿ ದುಕಾನ್ ಮುಚ್ಚಿ ವರ್ಷಗಳಾದವು. ಇನ್ನೊಂದು ದಾರಿ ಹೈದರಾಬಾದು. ಟೆಂಪೋದಲ್ಲಿ ಏರಿಸಿ ನೂರು ಕಿಲೋಮೀಟರಿಗೂ ಹೆಚ್ಚು ಒಯ್ಯಬೇಕು, ಅಲ್ಲಿ ಬಿಟ್ಟು ಬರಬೇಕು, ವಾರಕ್ಕೊಮ್ಮೆ ಫೋನ್ ಮಾಡಿ "ಆಯ್ತಾ?" ಅಂತ ಕೇಳಬೇಕು. ತೊಗರಿ ಇನ್ನೂ ಹೂವಿನಲ್ಲಿತ್ತು, ಕೈಯಲ್ಲಿ ರೊಕ್ಕ ಇರಲಿಲ್ಲ.

ಮನೆಯಲ್ಲಿ ಮಾಡುವ ಕೆಲಸ ಯಾವುದು ಅನ್ನೋದರಲ್ಲಿ ನನಗೆ ಗೊಂದಲ ಇರಲಿಲ್ಲ. ಪ್ಲಗ್ ತೆಗೆದು ಒರೆಸುವುದು, ಕೇಬಲ್ಲಿಗೆ ಎಣ್ಣೆ, ಚೈನ್ ಬಿಗಿ, ಬ್ರೇಕ್ ಶೂ, ಕಾಂಟ್ಯಾಕ್ಟ್ ಪಾಯಿಂಟಿನ ಸಂದು. ಪಾಯಿಂಟ್ ಪೂರ್ತಿ ತೆರೆದಾಗ 0.4 ಮಿ.ಮೀ. ಆಸುಪಾಸು ಸಂದು ಇರಬೇಕು. ಅದಕ್ಕೆ ಅಳತೆಯ ತೆಳ್ಳನೆಯ ಪಟ್ಟಿಗಳ ಕಟ್ಟು, ಅಂದರೆ ಫೀಲರ್ ಗೇಜ್, ಸಾಮಾನಿನ ಅಂಗಡಿಯಲ್ಲೇ ಸಿಗುತ್ತದೆ. ಹಾಳಾದರೆ ಹೊಸ ಪಾಯಿಂಟ್ ಸಿಗುತ್ತದೆ, ಹೊಸ ಪ್ಲಗ್ ಸಿಗುತ್ತದೆ.

ಕಾರ್ಬೋರೇಟರ್ ಕೂಡ ಮನೆಯ ಕೆಲಸವೇ, ಮತ್ತು ಈಗ ಅದು ಮೊದಲಿಗಿಂತ ಹೆಚ್ಚು ಸಲ ಬೀಳುತ್ತದೆ. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಎಥನಾಲ್ ಗಾಳಿಯ ತೇವ ಹೀರುತ್ತದೆ. ಮಳೆಗಾಲದಲ್ಲಿ ಗಾಡಿ ವಾರಗಟ್ಟಲೆ ನಿಂತರೆ ನೀರು ಬೇರೆಯಾಗಿ ಅಡಿಗೆ ಕೂರಬಹುದು, ಹಳೆಯ ರಬ್ಬರ್ ಪೈಪು ಮೆತ್ತಗಾಗಿ ಬಿರಿಯಬಹುದು. ನಿಮ್ಮ ಮನೆಯಲ್ಲಿ ಹಳೆಯ ರಾಜದೂತ, ಆರ್‌ಎಕ್ಸ್ 100 ಇದ್ದರೆ ಒಂದು ಕೆಲಸ ಮಾಡಿ. ಗಾಡಿ ನಿಲ್ಲಿಸುವ ಮುಂಚೆ ಪೆಟ್ರೋಲ್ ಕಾಕ್ ಮುಚ್ಚಿ, ಕಾರ್ಬೋರೇಟರಿನಲ್ಲಿ ಉಳಿದದ್ದು ತೀರುವ ತನಕ ಎಂಜಿನ್ ಓಡಿಸಿ.

ಹೊಗೆಯ ಕಾರಣ ಹುಡುಕಿದ್ದೂ ಮನೆಯಲ್ಲೇ. ಟೂ ಸ್ಟ್ರೋಕಿನಲ್ಲಿ ಅತಿ ಹೊಗೆಗೆ ಎರಡು ಮುಖ್ಯ ಕಾರಣ. ಒಂದು, ಪೆಟ್ರೋಲಿಗೆ ಎಣ್ಣೆ ಜಾಸ್ತಿ ಬೆರೆಸಿದ್ದು. ನಾವು ಲೀಟರಿಗೆ 40 ಮಿ.ಲೀ. ಅಳೆದೇ ಹಾಕುತ್ತೇವೆ, ಅವ್ವನ ಹಳೆಯ ಔಷಧಿ ಮುಚ್ಚಳವೇ ಅಳತೆ. ಎರಡನೆಯದು ಕ್ರ್ಯಾಂಕಿನ ಪಕ್ಕದ ಆಯಿಲ್ ಸೀಲ್. ಅದು ಸವೆದರೆ ಎಂಜಿನ್ನು ಗೇರ್‌ಬಾಕ್ಸಿನ ಎಣ್ಣೆಯನ್ನು ಒಳಗೆ ಎಳೆದು ಸುಡುತ್ತದೆ. ಪತ್ತೆ ಮಾಡುವುದು ಸುಲಭ. ಗೇರ್ ಎಣ್ಣೆ ಸರಿಯಾದ ಮಟ್ಟಕ್ಕೆ ತುಂಬಿ, ರಾತ್ರಿ ಗಾಡಿ ಕೆಳಗೆ ರಟ್ಟು ಹಾಸಿ, ಕೆಲವು ದಿನ ಓಡಿಸಿ ಮತ್ತೆ ನೋಡಿ. ಹತ್ತು ದಿನದಲ್ಲಿ ನಮ್ಮ ಗಾಡಿಯ ಎಣ್ಣೆ ಇಳಿದಿತ್ತು, ರಟ್ಟಿನ ಮೇಲೆ ಒಂದು ಹನಿಯೂ ಇರಲಿಲ್ಲ. ಅಂದಮೇಲೆ ಅದು ಹೊಗೆಯಾಗಿಯೇ ಹೋಗಿದೆ.

ಸೀಲಿನ ಬೆಲೆ ಏನೂ ಅಲ್ಲ. ಬೆಂಗಳೂರಿನಲ್ಲಿರುವ ಕಾಕಾನ ಮಗ ಜೆ.ಸಿ. ರಸ್ತೆಯಲ್ಲಿ ಕೊಂಡು ಬಸ್ಸಿನಲ್ಲಿ ಕಳಿಸಿದ. ಕಷ್ಟ ಇರೋದು ಅದನ್ನು ತಲುಪುವುದರಲ್ಲಿ. ಎಡಗಡೆಯ ಮುಚ್ಚಳ ತೆಗೆಯಬೇಕು, ಕ್ಲಚ್ ಬಿಚ್ಚಬೇಕು, ಕ್ರ್ಯಾಂಕಿನ ತುದಿಗೆ ಕಚ್ಚಿಕೊಂಡಿರುವ ಹಲ್ಲುಚಕ್ರ ಎಳೆಯಬೇಕು. ಅದಕ್ಕೆ ಪುಲ್ಲರ್ ಅನ್ನೋ ಸಾಮಾನು ಬೇಕೇ ಬೇಕು. ಯೂಟ್ಯೂಬಿನಲ್ಲಿ ಒಬ್ಬ ಉಳಿ ಇಟ್ಟು ಸುತ್ತಿಗೆಯಿಂದ ಬಡಿದು ತೆಗೆಯುತ್ತಾನೆ. ಆ ಏಟು ಅಲ್ಯೂಮಿನಿಯಂ ಕೇಸಿಗೆ ಬಿದ್ದರೆ ಬಿರುಕು. 1996ರ ನಂತರ ಅಂಥ ಕೇಸನ್ನು ಕಾರ್ಖಾನೆ ಎರಕ ಹೊಯ್ದಿಲ್ಲ.

ನಾನು ಲೆಕ್ಕ ಹಾಕುವುದು ಹೀಗೆ. ಕೆಲಸ ಕಷ್ಟವೋ ಸುಲಭವೋ ಅಂತ ಕೇಳಿಕೊಳ್ಳುವುದಿಲ್ಲ, ಕೈ ತಪ್ಪಿದರೆ ಒಡೆಯುವುದು ಯಾವುದು ಅಂತ ಕೇಳಿಕೊಳ್ಳುತ್ತೇನೆ. ಅಂಗಡಿಯಲ್ಲಿ ಸಿಗುವುದು ಒಡೆಯುವಂತಿದ್ದರೆ ಮನೆಯಲ್ಲೇ ಬಿಚ್ಚಬಹುದು. ಸಿಗದ್ದು ಒಡೆಯುವಂತಿದ್ದರೆ ಬಲ್ಲವರ ಕೈ ಬೇಕು. ರೊಕ್ಕ ಉಳಿಸುವ ಲೆಕ್ಕ ಅದರ ನಂತರದ್ದು.

ಚಾಚಾರ ಮನೆಗೆ ಅಪ್ಪನೇ ಹೋದ. ಅವರು ಮೊದಲು ಒಪ್ಪಲಿಲ್ಲ. "ಕಣ್ಣಾಗ ಏನೂ ಕಾಣಂಗಿಲ್ಲ ಪಾಟೀಲ್ರೆ, ಪಾನಾ ಹಿಡಿಯೋದು ಬಿಟ್ಟೀನಿ." ಆಮೇಲೆ ನನ್ನ ಕಡೆ ತಿರುಗಿ, "ಬೇಟಾ, ಹಾತ್ ನಿಂದು, ಅಕಲ್ ನಂದು. ಕೂಲಿ ಮಾತ್ರ ಪೂರಾ ಕೊಡಬೇಕು ನೋಡು" ಅಂದರು. ಪೂರಾ ಕೂಲಿಗೆ ಒಪ್ಪಿದೆವು. ಕೈಯಿಂದ ಮಾಡಿದ್ದಕ್ಕೆ ಮಾತ್ರ ಕೂಲಿ, ತಲೆಯಿಂದ ಮಾಡಿದ್ದು ಪುಕ್ಕಟೆ ಅನ್ನುವ ನಮ್ಮ ಕಡೆಯ ರೂಢಿ ನನಗಂತೂ ಹಿಡಿಸಿದ್ದಲ್ಲ.

ಎರಡು ದಿನ ಅಂಗಳದಲ್ಲಿ ಕೆಲಸ ನಡೆಯಿತು. ಚಾಚಾ ಹೊರಸಿನ ಮೇಲೆ, ನಾನು ಗೋಣಿಚೀಲದ ಮೇಲೆ. ಅವರ ಹಳೆಯ ಪುಲ್ಲರ್ ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಬಿಚ್ಚಿದ ಒಂದೊಂದು ನಟ್ಟನ್ನೂ ಅವರ ಅಂಗೈಗೆ ಕೊಡಬೇಕು, ಬೆರಳಿನಲ್ಲಿ ಸವರಿ "ಇದರ ಚೂಡಿ ಹೋಗ್ಯಾದ, ಬದಲಿ ಮಾಡು" ಅನ್ನುತ್ತಿದ್ದರು. ಚೂಡಿ ಅಂದರೆ ನಟ್ಟಿನ ಒಳಗಿನ ಸುತ್ತು. ಪುಲ್ಲರ್ ಬಿಗಿ ಮಾಡಿ ನಾನು ಇನ್ನೂ ತಿರುಗಿಸಲು ಹೊರಟಾಗ "ಠೈರೋ" ಅಂತ ನಿಲ್ಲಿಸಿ, ಚಹಾ ಕುಡಿದು ಬರಲು ಹೇಳಿದರು. ಬಂದು ಬೋಲ್ಟಿನ ತಲೆಗೆ ಒಂದು ಸಣ್ಣ ಏಟು ಕೊಟ್ಟೆ, ಚಕ್ರ ಟಕ್ಕನೆ ಬಿಟ್ಟಿತು. ಇದು ಯಾವ ವಿಡಿಯೋದಲ್ಲೂ ನನಗೆ ಸಿಕ್ಕಿರಲಿಲ್ಲ. ಹೊರಬಂದ ಹಳೆಯ ಸೀಲಿನ ತುಟಿ ಒಣ ಚರ್ಮದ ಹಾಗೆ ಗಟ್ಟಿಯಾಗಿತ್ತು.

ಆದರೆ ಇನ್ನೊಂದು ಸುದ್ದಿಯೂ ಹೊರಬಂತು. ಬೋರ್ ಎತ್ತಿದಾಗ ಚಾಚಾ ಕನೆಕ್ಟಿಂಗ್ ರಾಡ್ ಹಿಡಿದು ಮೇಲೆ ಕೆಳಗೆ ಎಳೆದು ನೋಡಿದರು, ಮತ್ತೆ ನನ್ನ ಕೈಯಿಂದಲೂ ಎಳೆಸಿದರು. ಸ್ವಲ್ಪ ಆಟ ಇತ್ತು. "ಇದು ನನ್ನ ಕೆಲಸಲ್ಲ, ನಿಂದೂ ಅಲ್ಲ. ಕ್ರ್ಯಾಂಕ್ ಪ್ರೆಸ್ಸಿಗೆ ಹಾಕಿ ಬಿಚ್ಚಬೇಕು. ಹೈದರಾಬಾದಿಗೇ ಹೋಗಬೇಕು" ಅಂದರು. ಆಗ ಎಂಜಿನ್ ಮತ್ತೆ ಬಿಚ್ಚಬೇಕು, ಈಗ ಹಾಕುವ ಸೀಲೂ ಬದಲಿಸಬೇಕು. ಈಗಲೇ ಒಯ್ದರೆ ಒಂದೇ ಸಲಕ್ಕೆ ಮುಗಿಯುತ್ತದೆ, ಆದರೆ ಆರ್‌ಸಿ ದಿನಾಂಕ ದಾಟುತ್ತದೆ. ಎಷ್ಟು ದಿನ ತಡೆದೀತು ಅಂತ ಅಪ್ಪ ಕೇಳಿದ. "ನಿಮ್ಮಂಗ ನಡೆಸಿದ್ರ ತಡೀತದ, ನಿಮ್ಮ ಮಗನಂಗ ನಡೆಸಿದ್ರ ಇಲ್ಲ."

ಸೀಲು ಹಾಕಿ ಮುಚ್ಚಿದೆವು. ಸೈಲೆನ್ಸರಿನಲ್ಲಿ ಉಳಿದ ಹಳೆಯ ಎಣ್ಣೆ ಸುಟ್ಟುಹೋಗುವ ತನಕ ಎರಡು ದಿನ ಹೊಗೆ ಬಂತು, ಆಮೇಲೆ ಇಳಿಯಿತು. ಹೊಗೆ ಚೀಟಿ ಸಿಕ್ಕಿತು, ಬೀದರಿನಲ್ಲಿ ಗಾಡಿ ತೋರಿಸಿ ಬಂದೆವು. ಈಗ ಹೊಲಕ್ಕೆ, ಸಂತೆಗೆ ಅಪ್ಪ ಮಾತ್ರ ಓಡಿಸುತ್ತಾನೆ. ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಗೆ ಇದರ ಮೇಲೇ ಹೋಗುತ್ತೇನೆ ಅಂತ ಹಟ ಹಿಡಿದಿದ್ದಾನೆ. ತೊಗರಿ ಮಾರಿದ ಮೇಲೆ ಕ್ರ್ಯಾಂಕಿನ ಖರ್ಚು ನೋಡೋಣ ಅಂತ ಅಣ್ಣನೇ ಮೊನ್ನೆ ಫೋನಿನಲ್ಲಿ ಹೇಳಿದ. ಟೆಂಪೋದವನ ಹತ್ತಿರ ಬಾಡಿಗೆ ವಿಚಾರಿಸಿ ಇಟ್ಟಿದ್ದೇನೆ.